ರಿಲೀಸ್ ಹತ್ತಿರ ಬಂದಾಗ ಹೊಸ ಫೀಚರ್ ಸೇರಿಸಬೇಕೋ, ಬೇಡವೋ?

ಪ್ರಶ್ನೆ: ಬ್ಯಾಕಪ್ ತೆಗೆಯುವ ಒಂದು ಓಪನ್ ಸೋರ್ಸ್ ಟೂಲ್ ಅನ್ನು ನಾವು ಮೂವರು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದೇವೆ. ಹೊರಗಿನಿಂದ ಪ್ಯಾಚ್ (ಕೋಡ್‌ನಲ್ಲಿ ಮಾಡಿದ ಬದಲಾವಣೆ) ಕಳಿಸುವವರೂ ಸಾಕಷ್ಟು ಜನ ಇದ್ದಾರೆ. ಹಿಂದಿನ ರಿಲೀಸ್ ಹೊರಡುವುದಕ್ಕೆ 11 ತಿಂಗಳು ಹಿಡಿಯಿತು. ಕೊನೆಯ ವಾರದಲ್ಲಿ ಎರಡು ಹೊಸ ಫೀಚರ್ ಸೇರಿಸಿದೆವು. ರಿಲೀಸ್ ಆದ ಮೇಲೆ, ಹಳೆಯ ವರ್ಷನ್‌ನಲ್ಲಿ ತೆಗೆದ ಬ್ಯಾಕಪ್‌ಗಳು ರಿಸ್ಟೋರ್ ಆಗುತ್ತಿಲ್ಲ ಎಂದು ದೂರು ಬಂತು. ಈಗ ನಮ್ಮಲ್ಲೇ ಜಗಳ. ಟೆಸ್ಟ್ ಕವರೇಜ್, ಅಂದರೆ ಟೆಸ್ಟ್‌ಗಳು ಓಡಿಸಿ ನೋಡುವ ಕೋಡ್‌ನ ಪಾಲು, ನೂರಕ್ಕೆ ನೂರು ಆಗುವವರೆಗೂ ಹೊಸ ಫೀಚರ್ ಬೇಡ ಎಂದು ಒಬ್ಬರು ಹೇಳುತ್ತಾರೆ. ಹಾಗೆ ಮಾಡಿದರೆ ಪ್ಯಾಚ್ ಕಳಿಸುವವರೆಲ್ಲ ಬಿಟ್ಟು ಹೋಗುತ್ತಾರೆ ಎಂದು ಇನ್ನೊಬ್ಬರು ಹೇಳುತ್ತಾರೆ. ಎನ್‌ಕ್ರಿಪ್ಶನ್ ಫೀಚರ್ ಒಂದು ಸಿದ್ಧವಾಗಿ ಕಾಯುತ್ತಿದೆ. ಅದನ್ನು ಈ ಸಲ ಸೇರಿಸಬೇಕಾ? ಟೆಸ್ಟಿಂಗ್‌ಗೆ ಎಷ್ಟು ದಿನ ಇಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು 11 ತಿಂಗಳು ಎಂಬ ಮಾತು. ರಿಸ್ಟೋರ್ ಕೆಟ್ಟದ್ದಕ್ಕೂ ಆ 11 ತಿಂಗಳಿಗೂ ನೇರ ಸಂಬಂಧ ಇದೆ. ಕೊನೆಯ ವಾರದಲ್ಲಿ ಎರಡು ಫೀಚರ್ ಯಾಕೆ ನುಗ್ಗಿದವು, ಒಮ್ಮೆ ಯೋಚಿಸಿ. ಅವುಗಳನ್ನು ಬರೆದವರಿಗೆ ಈ ಸಲ ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು ಎಂದು ಗೊತ್ತಿತ್ತು. ನಿಮಗೂ ಗೊತ್ತಿತ್ತು. ಅವರ ಮುಖ ನೋಡಿ ಬೇಡ ಎನ್ನಲು ನಿಮಗೆ ಮನಸ್ಸು ಬರಲಿಲ್ಲ, ಅಲ್ವಾ? ಗಂಟೆಗೊಂದು ಬಸ್ಸು ಇರುವ ಕಡೆ ಯಾರೂ ಓಡಿ ಹತ್ತುವುದಿಲ್ಲ. ದಿನಕ್ಕೆ ಒಂದೇ ಬಸ್ಸು ಇರುವ ಕಡೆ ಜನ ಕಿಟಕಿಯಲ್ಲಿ ತೂರಿಯಾದರೂ ಹತ್ತುತ್ತಾರೆ.

ಹಾಗಾಗಿ ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ. ಫೀಚರ್‌ಗೆ ಇಷ್ಟು ಪಾಲು, ಟೆಸ್ಟಿಂಗ್‌ಗೆ ಇಷ್ಟು ಪಾಲು ಎಂದು ತೂಗಲು ಹೋಗಬೇಡಿ. ರಿಲೀಸ್ ದಿನ ಗೊತ್ತುಮಾಡಿ, ಫೀಚರ್‌ಗಳನ್ನು ಸಡಿಲ ಬಿಡಿ. ಆ ದಿನಕ್ಕೆ ಸಿದ್ಧವಾಗಿದ್ದು ಹೋಗುತ್ತದೆ, ಆಗದ್ದು ಮುಂದಿನ ಸಲಕ್ಕೆ ಉಳಿಯುತ್ತದೆ. ಆ ಮುಂದಿನ ಸಲ ಬೇಗ ಬರಬೇಕು, ಅಷ್ಟೇ. ಕಾಯುವುದು ಕಷ್ಟವಲ್ಲ ಎಂದಾದ ಮೇಲೆ ಟೆಸ್ಟಿಂಗ್‌ಗೆ ಜಾಗ ತಾನಾಗಿ ಸಿಗುತ್ತದೆ.

ಇದನ್ನು ದೊಡ್ಡ ಪ್ರಾಜೆಕ್ಟ್‌ಗಳು ಪೆಟ್ಟು ತಿಂದೇ ಕಲಿತವು. ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) 2.4 ಬಂದದ್ದು 2001ರ ಜನವರಿಯಲ್ಲಿ. 2.6 ಬಂದದ್ದು 2003ರ ಡಿಸೆಂಬರ್‌ನಲ್ಲಿ. ನಡುವೆ ಹೊಸ ಕೆಲಸವೆಲ್ಲ 2.5 ಎಂಬ ಪ್ರಯೋಗದ ಸರಣಿಯಲ್ಲಿ ನಡೆಯಿತು. ಅಷ್ಟು ದಿನ ಜನ ಕಾಯುತ್ತಾರಾ? ಕರ್ನಲ್ ಜೊತೆ ಬೇರೆ ಸಾಫ್ಟ್‌ವೇರ್ ಸೇರಿಸಿ ಕೊಡುವ ಡಿಸ್ಟ್ರೋಗಳು 2.5ರ ಫೀಚರ್‌ಗಳನ್ನು ತಾವೇ ಎತ್ತಿ 2.4ಕ್ಕೆ ಹಾಕಿಕೊಂಡು ತಮ್ಮ ಬಳಕೆದಾರರಿಗೆ ಕೊಟ್ಟವು. 2003ರ ರೆಡ್ ಹ್ಯಾಟ್ ಲಿನಕ್ಸ್ 9ರಲ್ಲಿ ಹೊಸ ಥ್ರೆಡ್ ವ್ಯವಸ್ಥೆ ಹೀಗೆಯೇ 2.4ರ ಕರ್ನಲ್ ಒಳಗೆ ಬಂತು. ಸ್ಟೇಬಲ್ ಎಂಬ ಹೆಸರಿನ ಕರ್ನಲ್ ಒಂದೊಂದು ಡಿಸ್ಟ್ರೋದಲ್ಲಿ ಒಂದೊಂದು ಥರ ಆಯಿತು. ಬಾಗಿಲು ಹಾಕಿದರೆ ಫೀಚರ್ ನಿಲ್ಲುವುದಿಲ್ಲ, ಹಿತ್ತಲಿನಿಂದ ಬರುತ್ತದೆ. ಆಗ ಅದನ್ನು ಟೆಸ್ಟ್ ಮಾಡುವವರೂ ಚದುರಿಹೋಗುತ್ತಾರೆ.

ಈಗ ಕರ್ನಲ್‌ನ ಪದ್ಧತಿ ಬೇರೆ. ಎರಡು ವಾರ ಮರ್ಜ್ ವಿಂಡೋ ತೆರೆದಿರುತ್ತದೆ. ಹೊಸದೇನಿದ್ದರೂ ಆಗಲೇ ಬರಬೇಕು. ಆಮೇಲೆ ಆರ್‌ಸಿ1, ಅಂದರೆ ಮೊದಲ ರಿಲೀಸ್ ಕ್ಯಾಂಡಿಡೇಟ್ (ರಿಲೀಸ್‌ಗೆ ಮುಂಚಿನ ಪರೀಕ್ಷಾ ಆವೃತ್ತಿ), ಹೊರಡುತ್ತದೆ. ಅಲ್ಲಿಂದ ವಾರಕ್ಕೊಂದು ಆರ್‌ಸಿ, ಬರೀ ಬಗ್ ರಿಪೇರಿ. ಸಾಮಾನ್ಯವಾಗಿ ಆರ್‌ಸಿ7 ಅಥವಾ ಆರ್‌ಸಿ8ಕ್ಕೆ ಮುಗಿಯುತ್ತದೆ. ಒಟ್ಟು 9-10 ವಾರ. ಇದರಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಹೊಸದಕ್ಕೆ ಎರಡು ವಾರ, ಸರಿಪಡಿಸುವುದಕ್ಕೆ ಏಳೆಂಟು ವಾರ ಎಂದರೆ ಟೆಸ್ಟಿಂಗ್ ಕಡೆಯೇ ಭಾರ ಜಾಸ್ತಿ ಎನಿಸುತ್ತದೆ. ಆದರೆ ಫೀಚರ್‌ಗಳನ್ನು ಬರೆಯುವ ಕೆಲಸ ಆ ಎರಡು ವಾರದಲ್ಲಿ ನಡೆಯುವುದಿಲ್ಲ. ಅದು ಮೊದಲೇ ಒಂದೊಂದು ಭಾಗ ನೋಡಿಕೊಳ್ಳುವ ಮೇಂಟೇನರ್‌ಗಳ ಟ್ರೀಗಳಲ್ಲಿ (ಕೋಡ್‌ನ ಪ್ರತಿಗಳಲ್ಲಿ) ಆಗಿರುತ್ತದೆ. ಲಿನಕ್ಸ್-ನೆಕ್ಸ್ಟ್ ಎಂಬಲ್ಲಿ ಎಲ್ಲವನ್ನೂ ಒಟ್ಟು ಸೇರಿಸಿ ನೋಡಿರುತ್ತಾರೆ. ಮರ್ಜ್ ವಿಂಡೋ ಬರೀ ಒಳಗೆ ಬಿಡುವ ಬಾಗಿಲು.

ಫೈರ್‌ಫಾಕ್ಸ್ 4 ಕೂಡ 2010ರಲ್ಲೇ ಬರಬೇಕಿತ್ತು. ಮುಂದೆ ಹೋಗಿ ಹೋಗಿ 2011ರ ಮಾರ್ಚ್‌ನಲ್ಲಿ ಬಂತು. ಆ ಬಳಿಕ ಮೊಜಿಲ್ಲಾ ಆರು ವಾರಕ್ಕೊಂದು ರಿಲೀಸ್ ಶುರುಮಾಡಿತು, 2020ರಿಂದ ಅದು ನಾಲ್ಕು ವಾರಕ್ಕೆ ಇಳಿಯಿತು. ಪೈಥಾನ್ ಭಾಷೆಯ ಹೊಸ ವರ್ಷನ್ ಸುಮಾರು 18 ತಿಂಗಳಿಗೊಂದು ಬರುತ್ತಿತ್ತು. ಪೆಪ್ 602 ಎಂಬ ಪ್ರಸ್ತಾವ ಒಪ್ಪಿದ ಮೇಲೆ ವರ್ಷಕ್ಕೊಂದು, ಅಕ್ಟೋಬರ್‌ನಲ್ಲಿ. ಮೇ ತಿಂಗಳಲ್ಲಿ ಮೊದಲ ಬೀಟಾ ಬರುತ್ತದೆ, ಅಲ್ಲಿಂದಾಚೆ ಹೊಸ ಫೀಚರ್ ಇಲ್ಲ. ಅಂದರೆ ವರ್ಷದಲ್ಲಿ ಐದು ತಿಂಗಳು ಬೀಟಾ ಮತ್ತು ಆರ್‌ಸಿಗೆ ಹೋಗುತ್ತದೆ. ಪೈಥಾನ್ ಮೇಲೆ ಸಾವಿರಾರು ಲೈಬ್ರರಿಗಳು ನಿಂತಿವೆ. ಅವರೆಲ್ಲ ತಮ್ಮ ಕೋಡ್ ಅನ್ನು ಹೊಸ ವರ್ಷನ್ ಮೇಲೆ ಓಡಿಸಿ ನೋಡುವುದಕ್ಕೆ ಅಷ್ಟು ಸಮಯ ಬೇಕೇ ಬೇಕು. ನಿಮ್ಮ ಟೂಲ್ ಮೇಲೆ ಬೇರೆ ಪ್ರೋಗ್ರಾಂಗಳು ನಿಂತಿಲ್ಲ ಎಂದುಕೊಳ್ಳುತ್ತೇನೆ. ಹಾಗಿದ್ದರೆ ಐದು ತಿಂಗಳು ನಿಮಗೆ ಬೇಡ.

ಬೇಗ ಬೇಗ ರಿಲೀಸ್ ಮಾಡಿದರೆ ಟೆಸ್ಟಿಂಗ್ ಕಡಿಮೆಯಾಗುವುದಿಲ್ಲವಾ ಎಂದು ನೀವು ಕೇಳಬಹುದು. ದಿನ ಲೆಕ್ಕ ಹಾಕಿದರೆ ಹಾಗೆ ಅನಿಸುತ್ತದೆ. ಬದಲಾವಣೆಗಳನ್ನು ಲೆಕ್ಕ ಹಾಕಿ ನೋಡಿ. 11 ತಿಂಗಳ ರಿಲೀಸ್‌ನಲ್ಲಿ ಸಾವಿರ ಕಮಿಟ್ (ದಾಖಲಾದ ಬದಲಾವಣೆ) ಇದ್ದು, ಎಲ್ಲೋ ಒಂದು ಕಡೆ ಕೆಟ್ಟಿದೆ ಎಂದಿಟ್ಟುಕೊಳ್ಳಿ. ಪ್ರತಿ ಸಲ ಅರ್ಧ ಭಾಗ ಕಳೆಯುತ್ತ ಹುಡುಕುವ ಗಿಟ್ ಬೈಸೆಕ್ಟ್ ಹಾಕಿದರೆ ಹತ್ತು ಹೆಜ್ಜೆಯಲ್ಲಿ ತಪ್ಪಿದ ಕಮಿಟ್ ಸಿಗುತ್ತದೆ. 60 ಕಮಿಟ್ ಇದ್ದರೆ ಆರು ಹೆಜ್ಜೆ. ಈ ಉಳಿತಾಯ ದೊಡ್ಡದೇನಲ್ಲ. ದೊಡ್ಡ ಉಳಿತಾಯ ಕಮಿಟ್ ಸಿಕ್ಕಿದ ಮೇಲೆ ಬರುತ್ತದೆ. ಹತ್ತು ತಿಂಗಳ ಹಿಂದಿನ ಪ್ಯಾಚ್ ಆದರೆ, ಅದನ್ನು ಬರೆದವರಿಗೇ ಯಾಕೆ ಹಾಗೆ ಬರೆದೆ ಎಂಬುದು ಮರೆತಿರುತ್ತದೆ. ಅವರು ಪ್ರಾಜೆಕ್ಟ್ ಬಿಟ್ಟು ಹೋಗಿರಲೂಬಹುದು. ಅದರ ಮೇಲೆ ಬೇರೆ ಹತ್ತು ಪ್ಯಾಚ್ ಕೂತಿರುತ್ತವೆ, ಒಂದನ್ನು ಎಳೆದರೆ ಎಲ್ಲ ಬರುತ್ತವೆ. ಮೂರು ವಾರದ ಹಿಂದಿನದಾದರೆ ಬರೆದವರಿಗೆ ಒಂದು ಮಾತು ಹೇಳಿದರೆ ಸಾಕು, ಸಂಜೆಯೊಳಗೆ ಸರಿಯಾಗುತ್ತದೆ.

ಇನ್ನು ಫ್ರೀಜ್, ಅಂದರೆ ಹೊಸ ಫೀಚರ್ ನಿಲ್ಲಿಸುವ ದಿನದ ವಿಷಯ. ದಿನ ಗೊತ್ತುಮಾಡುವುದು ಸುಲಭ, ಅದನ್ನು ಕಾಯ್ದುಕೊಳ್ಳುವುದು ಕಷ್ಟ. ಫ್ರೀಜ್ ಮುರಿಯುವವರು ಯಾರೂ ಕೆಟ್ಟ ಉದ್ದೇಶದಿಂದ ಬರುವುದಿಲ್ಲ. ಪ್ರತಿ ಸಲವೂ ಒಳ್ಳೆಯ ಕಾರಣ ಇಟ್ಟುಕೊಂಡೇ ಬರುತ್ತಾರೆ. 2025ರಲ್ಲಿ ಕರ್ನಲ್ 6.16 ಆರ್‌ಸಿ ಹಂತದಲ್ಲಿದ್ದಾಗ ಬಿಕ್ಯಾಶ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂನ ಕಡೆಯಿಂದ ಹೊಸ ಫೀಚರ್ ಒಂದು ಬಂತು. ಹಾಳಾದ ಫೈಲ್ ಸಿಸ್ಟಂನಿಂದ ಡೇಟಾ ವಾಪಸ್ ಪಡೆಯಲು ಅದು ಸಹಾಯ ಮಾಡುತ್ತಿತ್ತು. ಕಾರಣ ನಿಜಕ್ಕೂ ಒಳ್ಳೆಯದೇ, ಡೇಟಾ ಕಳೆದುಕೊಂಡವರಿಗೆ ಅದು ಬೇಕಾದದ್ದೇ. ಆದರೆ ಆರ್‌ಸಿ ಹಂತದಲ್ಲಿ ಹೊಸ ಫೀಚರ್ ಇಲ್ಲ ಎಂಬುದು ಎಲ್ಲ ಸಬ್‌ಸಿಸ್ಟಂಗಳಿಗೂ ಒಂದೇ ನಿಯಮ. ಕರ್ನಲ್‌ನ ಮುಖ್ಯಸ್ಥ ಲಿನಸ್ ಟೊರ್ವಾಲ್ಡ್ಸ್ ಆ ಕೋಡ್ ತೆಗೆದುಕೊಂಡರೂ, ಈ ಜಗಳ ಮೊದಲಿನಿಂದ ನಡೆದುಬಂದದ್ದರಿಂದ, ಇನ್ನು ಮುಂದೆ ಜೊತೆಗೆ ಸಾಗುವುದು ಕಷ್ಟ ಎಂದು ಹೇಳಿದರು. 6.18ರ ಹೊತ್ತಿಗೆ ಬಿಕ್ಯಾಶ್‌ಎಫ್‌ಎಸ್ ಮುಖ್ಯ ಕರ್ನಲ್‌ನಿಂದ ಹೊರಗೆ ಹೋಯಿತು. ಇದರಲ್ಲಿ ಯಾರು ಸರಿ ಎಂಬ ಚರ್ಚೆ ಇನ್ನೂ ಇದೆ. ನನ್ನ ಅಭಿಪ್ರಾಯ ಇಷ್ಟು: ಒಳ್ಳೆಯ ಕಾರಣಕ್ಕೆ ಒಬ್ಬರಿಗೆ ಬಾಗಿಲು ತೆಗೆದರೆ, ಮುಂದಿನವರ ಒಳ್ಳೆಯ ಕಾರಣಕ್ಕೆ ಬೇಡ ಎನ್ನುವ ಬಾಯಿ ನಿಮಗಿರುವುದಿಲ್ಲ.

ದಿನದ ವಿಷಯದಲ್ಲಿ ಒಂದೇ ಒಂದು ಸಡಿಲಿಕೆ ಇರಲಿ. ಗಂಭೀರ ಬಗ್ ಇದ್ದರೆ ಒಂದು ವಾರ ಮುಂದಕ್ಕೆ ಹಾಕಿ, ಏನೂ ಆಗುವುದಿಲ್ಲ. ಕರ್ನಲ್‌ಗೆ ಆರ್‌ಸಿ8 ಬರುವುದೇ ಅದಕ್ಕೆ. ಉಬುಂಟು ಎಂಬ ಡಿಸ್ಟ್ರೋ ತನ್ನ ಮೊದಲ ದೀರ್ಘಾವಧಿ ಬೆಂಬಲದ ರಿಲೀಸ್ ಅನ್ನು 2006ರ ಏಪ್ರಿಲ್‌ನಿಂದ ಆರು ವಾರ ಮುಂದಕ್ಕೆ ಹಾಕಿತು. ಸಂಖ್ಯೆಯಲ್ಲಿ ವರ್ಷ, ತಿಂಗಳು ಇರುವುದರಿಂದ ಅದು 6.04 ಆಗದೆ 6.06 ಆಯಿತು. ವರ್ಷಗಟ್ಟಲೆ ನೋಡಿಕೊಳ್ಳಬೇಕಾದ ರಿಲೀಸ್, ಇನ್ನಷ್ಟು ಗಟ್ಟಿ ಮಾಡೋಣ ಎಂದು ನಿಂತರು. ಬಗ್‌ಗಾಗಿ ಒಂದು ವಾರ ತಡವಾದರೆ ಒಪ್ಪಿಕೊಳ್ಳಿ. ಫೀಚರ್‌ಗಾಗಿ ಒಂದು ದಿನವೂ ತಡ ಮಾಡಬೇಡಿ.

ಫ್ರೀಜ್ ಎಂದರೆ ಎಲ್ಲರೂ ಕೈಕಟ್ಟಿ ಕೂರುವುದು ಎಂದು ನಿಮ್ಮ ಗೆಳೆಯರು ತಿಳಿದಂತಿದೆ. ಹಾಗೇನಿಲ್ಲ. ಫ್ರೀಜ್ ದಿನ ರಿಲೀಸ್‌ಗೆ ಬೇರೆ ಬ್ರಾಂಚ್ (ಕೋಡ್‌ನ ಕವಲು) ತೆಗೆಯಿರಿ. ಮೇನ್ ಬ್ರಾಂಚ್ ತೆರೆದೇ ಇರಲಿ, ಹೊಸ ಪ್ಯಾಚ್‌ಗಳು ಅಲ್ಲಿಗೆ ಬರಲಿ. ಮೂವರೇ ಇರುವ ಕಡೆ ಇದರಲ್ಲಿ ಒಂದು ಅಪಾಯ ಇದೆ: ಮೂವರೂ ಹೊಸ ಕೆಲಸದ ಕಡೆ ವಾಲಿ, ರಿಲೀಸ್ ಬ್ರಾಂಚ್ ಅನಾಥ ಆಗುತ್ತದೆ. ಅದಕ್ಕೆ ಪ್ರತಿ ಸಲ ಒಬ್ಬರು ರಿಲೀಸ್ ಹೊಣೆ ಹೊರಲಿ, ಆ ದಿನಗಳಲ್ಲಿ ಅವರು ಹೊಸ ಪ್ಯಾಚ್ ರಿವ್ಯೂ ಮಾಡುವುದು ಬೇಡ. ಮುಂದಿನ ಸಲ ಇನ್ನೊಬ್ಬರು. ಬಗ್ ರಿಪೇರಿ ಮೊದಲು ಮೇನ್‌ಗೆ ಹೋಗಬೇಕು, ಅಲ್ಲಿಂದ ರಿಲೀಸ್ ಬ್ರಾಂಚ್‌ಗೆ ಬರಬೇಕು. ಕರ್ನಲ್‌ನ ಸ್ಟೇಬಲ್ ಸರಣಿಯಲ್ಲೂ ಇದೇ ನಿಯಮ. ತಿರುಗಾಮುರುಗಾ ಮಾಡಿದರೆ, ಈ ರಿಲೀಸ್‌ನಲ್ಲಿ ಹೋದ ಬಗ್ ಮುಂದಿನದರಲ್ಲಿ ಮತ್ತೆ ಬಂದು ಕೂರುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವ ವಿಷಯಕ್ಕೆ ಬರುತ್ತೇನೆ. ಸೇರಿಸುವುದು ಎಲ್ಲರಿಗೂ ಬರುತ್ತದೆ. ಸೇರಿಸಿದ್ದನ್ನು ಕೊನೆ ಗಳಿಗೆಯಲ್ಲಿ ತೆಗೆಯಲು ಬರುತ್ತದಾ? ಒಂದು ಪ್ರಾಜೆಕ್ಟ್‌ನ ಗಟ್ಟಿತನ ನಾನು ಅಳೆಯುವುದು ಇದರಲ್ಲಿ.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ 15ನೇ ವರ್ಷನ್ ಕಥೆ ನೋಡಿ. ಪೋಸ್ಟ್‌ಗ್ರೆಸ್ ವರ್ಷಕ್ಕೊಂದು ದೊಡ್ಡ ರಿಲೀಸ್ ಮಾಡುತ್ತದೆ. ಪ್ಯಾಚ್‌ಗಳನ್ನು ಕಮಿಟ್‌ಫೆಸ್ಟ್ ಎಂಬ ತಿಂಗಳುಗಳಲ್ಲಿ ಒಟ್ಟಾಗಿ ಕೂತು ರಿವ್ಯೂ ಮಾಡುತ್ತಾರೆ. ಏಪ್ರಿಲ್‌ನಲ್ಲಿ ಫೀಚರ್ ಫ್ರೀಜ್, ಆಮೇಲೆ ಬೀಟಾಗಳು, ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ರಿಲೀಸ್. 2022ರಲ್ಲಿ, ಜೇಸನ್ ರೂಪದ ಡೇಟಾವನ್ನು ಡೇಟಾಬೇಸ್ ಭಾಷೆಯಲ್ಲೇ ನಿಭಾಯಿಸುವ ಎಸ್‌ಕ್ಯೂಎಲ್/ಜೇಸನ್ ಎಂಬ ದೊಡ್ಡ ಫೀಚರ್ ಫ್ರೀಜ್‌ಗೆ ಸ್ವಲ್ಪ ಮುಂಚೆ ಒಳಗೆ ಬಂತು. ವರ್ಷಗಳಿಂದ ಅದರ ಕೆಲಸ ನಡೆದಿತ್ತು, ಜನ ಕಾಯುತ್ತಿದ್ದರು. ಬೀಟಾಗಳಲ್ಲಿ ಜನರ ಕೈಗೂ ಸೇರಿತು. ಆಮೇಲೆ ಒಳಗಿನವರೇ ಕೋಡ್ ಮತ್ತೆ ಓದಿದಾಗ ತಕರಾರು ಎದ್ದಿತು. ಕೊಟ್ಟ ಡೇಟಾದಲ್ಲಿ ತಪ್ಪಿದ್ದಾಗ ಅದನ್ನು ಹಿಡಿದು ನಿಭಾಯಿಸುವ ಒಳಗಿನ ರೀತಿ ಸರಿಯಿಲ್ಲ ಎಂದು ಕೆಲವರು ಹೇಳಿದರು. ಅದು ಒಂದೆರಡು ಸಾಲಿನಲ್ಲಿ ತೇಪೆ ಹಾಕುವ ಬಗ್ ಆಗಿರಲಿಲ್ಲ, ವಿನ್ಯಾಸದ ಪ್ರಶ್ನೆ. ಸೆಪ್ಟೆಂಬರ್ ಮೊದಲ ದಿನ ಇಡೀ ಫೀಚರ್ ಅನ್ನೇ ರಿವರ್ಟ್ ಮಾಡಿದರು. ಅಕ್ಟೋಬರ್ 13ಕ್ಕೆ 15 ಬಂತು, ಅದಿಲ್ಲದೆ. ತಿದ್ದಿ ಬರೆದ ಭಾಗಗಳಲ್ಲಿ ಕೆಲವು 2023ರಲ್ಲಿ 16ರೊಳಗೆ ಬಂದವು. ಜೇಸನ್ ಟೇಬಲ್ ಫಂಕ್ಷನ್ 2024ರಲ್ಲಿ 17ರಲ್ಲಿ ಬಂತು.

ಎರಡು ವರ್ಷ ತಡ ಎಂದು ಬೇಸರಪಡಬಹುದು. ನಾನು ಹಾಗೆ ನೋಡುವುದಿಲ್ಲ. ಡೇಟಾಬೇಸ್‌ನಲ್ಲಿ ಒಮ್ಮೆ ಹೊರಬಿದ್ದ ಸಿಂಟ್ಯಾಕ್ಸ್ ಅನ್ನು ವಾಪಸ್ ಪಡೆಯಲು ಆಗುವುದಿಲ್ಲ. ಜನ ಅದರ ಮೇಲೆ ಕೋಡ್ ಬರೆದಿರುತ್ತಾರೆ. ಸೆಪ್ಟೆಂಬರ್‌ನಲ್ಲಿ ತೆಗೆಯಲು ಧೈರ್ಯ ಬಂದದ್ದು ಯಾಕೆಂದರೆ ಮುಂದಿನ ರಿಲೀಸ್ ವರ್ಷದೊಳಗೆ ಖಂಡಿತ ಇದೆ ಎಂದು ಎಲ್ಲರಿಗೂ ಗೊತ್ತಿತ್ತು. ಆ ನಂಬಿಕೆ ಇಲ್ಲದ ಕಡೆ, ಇಷ್ಟು ದೂರ ಬಂದಿದ್ದೇವೆ, ಹೇಗೋ ಸರಿಮಾಡಿ ಬಿಟ್ಟುಬಿಡೋಣ ಎಂಬ ಮಾತೇ ಗೆಲ್ಲುತ್ತದೆ.

ನಿಮ್ಮಲ್ಲಿ ತೆಗೆಯುವುದು ಸುಲಭ ಆಗಬೇಕಾದರೆ ಫೀಚರ್ ಒಳಬರುವಾಗಲೇ ಎಚ್ಚರ ಬೇಕು. ಫೀಚರ್ ಜೊತೆಗೆ ಸುಮ್ನೆ ಅಕ್ಕಪಕ್ಕದ ಕೋಡ್ ಚೊಕ್ಕಟ ಮಾಡಿದ ಬದಲಾವಣೆಗಳು ಒಂದೇ ಕಮಿಟ್‌ನಲ್ಲಿ ಬರಬಾರದು. ಅವು ಬೇರೆ ಕಮಿಟ್, ಮೊದಲೇ ಹೋಗಲಿ. ಫೀಚರ್ ಒಂದು ಸ್ವಿಚ್‌ನ ಹಿಂದೆ ಇರಲಿ, ಮೊದಲ ರಿಲೀಸ್‌ನಲ್ಲಿ ಆ ಸ್ವಿಚ್ ಆಫ್ ಇರಲಿ. ರಸ್ಟ್ ಭಾಷೆ ಆರು ವಾರಕ್ಕೊಮ್ಮೆ ರಿಲೀಸ್ ಮಾಡಿಯೂ ಗಟ್ಟಿಯಾಗಿರುವುದಕ್ಕೆ ಇದೊಂದು ಕಾರಣ. ಇನ್ನೂ ಪಕ್ಕಾ ಆಗದ ಫೀಚರ್‌ಗಳನ್ನು ಅಲ್ಲಿ ನೈಟ್ಲಿಯಲ್ಲಿ (ಪ್ರತಿದಿನ ಹೊರಡುವ ಪ್ರಯೋಗದ ಆವೃತ್ತಿ) ಮಾತ್ರ, ಅದೂ ಬೇಕೆಂದು ಬರೆದು ಕೇಳಿದರೆ ಮಾತ್ರ ಬಳಸಬಹುದು. ಸ್ಟೇಬಲ್‌ನಲ್ಲಿ ಅವು ತೆರೆಯುವುದೇ ಇಲ್ಲ. ಒಂದು ಮಾತು ನೆನಪಿಡಿ: ಸ್ವಿಚ್ ಕೋಡನ್ನು ಮಾತ್ರ ಬಚ್ಚಿಡುತ್ತದೆ. ಫೈಲ್ ಫಾರ್ಮ್ಯಾಟ್ ಬದಲಾಯಿಸಿದರೆ, ಸ್ವಿಚ್ ಆನ್ ಮಾಡಿದವರ ಡಿಸ್ಕ್ ಮೇಲೆ ಅದು ಉಳಿದುಬಿಡುತ್ತದೆ.

ಇನ್ನು ನೂರಕ್ಕೆ ನೂರು ಕವರೇಜ್. ಇದನ್ನು ಕೇಳುವ ಗೆಳೆಯರ ಕಾಳಜಿ ನನಗೆ ಅರ್ಥವಾಗುತ್ತದೆ. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಆ ಮಟ್ಟ ಮುಟ್ಟಿದೆ. ಅಲ್ಲಿ ಪ್ರತಿಯೊಂದು ಕವಲೂ ಟೆಸ್ಟ್ ಆಗುತ್ತದೆ. ಅವರ ಟೆಸ್ಟ್ ಕೋಡ್ ಮೂಲ ಕೋಡ್‌ನ ಸುಮಾರು 590 ಪಟ್ಟು ಇದೆ. ಆದರೆ ಎಸ್‌ಕ್ಯೂಲೈಟ್ ಅನ್ನು ಬರೆಯುವುದು ಒಂದು ಸಣ್ಣ ತಂಡ, ಅದೇ ಅವರ ಉದ್ಯೋಗ. ಹೊರಗಿನವರ ಪ್ಯಾಚ್‌ಗಳನ್ನು ಅವರು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ನಿಮ್ಮದು ಬಿಡುವಿನ ವೇಳೆಯ ಕೆಲಸ, ಹೊರಗಿನವರ ಪ್ಯಾಚ್‌ಗಳಿಂದಲೇ ಬೆಳೆಯುತ್ತಿದೆ. ಅವರ ಗುರಿ ಇಟ್ಟುಕೊಂಡರೆ ಫೀಚರ್ ಎರಡು ವರ್ಷ ನಿಲ್ಲುತ್ತದೆ, ಕವರೇಜೂ ಮುಗಿಯುವುದಿಲ್ಲ.

ಮತ್ತೆ, ಕವರೇಜ್ ಸಂಖ್ಯೆ ಎಲ್ಲವನ್ನೂ ಹೇಳುವುದಿಲ್ಲ. ಹಾರ್ಟ್‌ಬ್ಲೀಡ್ ಎಂಬ ಭದ್ರತಾ ಬಗ್ ನೆನಪಿದೆಯಾ? ಇಂಟರ್‌ನೆಟ್ ಸಂಪರ್ಕಗಳಿಗೆ ಎನ್‌ಕ್ರಿಪ್ಶನ್ ಕೊಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ 1.0.1 ಬಂದದ್ದು 2012ರ ಮಾರ್ಚ್‌ನಲ್ಲಿ. ಅದರಲ್ಲಿ ಹಾರ್ಟ್‌ಬೀಟ್ ಎಂಬ ಹೊಸ ಫೀಚರ್ ಇತ್ತು, ಎಲ್ಲರಿಗೂ ಆನ್ ಆಗಿಯೇ ಹೋಯಿತು. ಕನೆಕ್ಷನ್ ಜೀವಂತ ಇದೆಯಾ ಎಂದು ನೋಡಲು ಒಂದು ಕಡೆಯವರು ಒಂದಿಷ್ಟು ಡೇಟಾ ಕಳಿಸುತ್ತಾರೆ, ಇನ್ನೊಂದು ಕಡೆಯವರು ಅದನ್ನೇ ವಾಪಸ್ ಕಳಿಸುತ್ತಾರೆ. ಡೇಟಾ ಎಷ್ಟು ಉದ್ದ ಎಂಬುದನ್ನು ಮೆಸೇಜ್‌ನಲ್ಲೇ ಎರಡು ಬೈಟ್‌ನಲ್ಲಿ ಬರೆದಿರುತ್ತಾರೆ. ಬರೆದ ಉದ್ದಕ್ಕೂ ನಿಜವಾಗಿ ಬಂದ ಉದ್ದಕ್ಕೂ ತಾಳೆ ನೋಡುವ ಸಾಲು ಕೋಡ್‌ನಲ್ಲಿ ಇರಲಿಲ್ಲ. ಒಂದೇ ಬೈಟ್ ಕಳಿಸಿ 64 ಕಿಲೋಬೈಟ್ ಎಂದು ಬರೆದರೆ, ಸರ್ವರ್ ತನ್ನ ಮೆಮೊರಿಯಲ್ಲಿ ಪಕ್ಕದಲ್ಲಿದ್ದದ್ದನ್ನೆಲ್ಲ ಸೇರಿಸಿ ಅಷ್ಟನ್ನೂ ಕೊಡುತ್ತಿತ್ತು. 2014ರ ಏಪ್ರಿಲ್ 7ರಂದು ಅದು ಬಯಲಾಗುವವರೆಗೆ ಎರಡು ವರ್ಷ ಹಾಗೇ ಇತ್ತು. ಸರಿಯಾದ ಮೆಸೇಜ್ ಕಳಿಸಿ ಸರಿಯಾದ ಉತ್ತರ ಬಂತು ಎಂದು ನೋಡುವ ಟೆಸ್ಟ್ ಇದ್ದರೆ ಆ ಸಾಲುಗಳೆಲ್ಲ ಓಡುತ್ತವೆ, ಕವರೇಜ್‌ನಲ್ಲಿ ಹಸಿರು ತೋರಿಸುತ್ತದೆ. ಇಲ್ಲದ ಸಾಲನ್ನು ಕವರೇಜ್ ತೋರಿಸುವುದಿಲ್ಲ. ಸುಳ್ಳು ಉದ್ದ ಬರೆದು ಕಳಿಸುವ ಟೆಸ್ಟ್ ಬೇಕಿತ್ತು, ಅಥವಾ ಅಡ್ಡಾದಿಡ್ಡಿ ಡೇಟಾ ತುರುಕುವ ಫಝಿಂಗ್ ಬೇಕಿತ್ತು.

ನಿಮ್ಮ ಟೂಲ್‌ಗೆ ಮೊದಲು ಬೇಕಾದ ಟೆಸ್ಟ್ ಯಾವುದು ಎಂದು ನಿಮ್ಮ ಬಳಕೆದಾರರೇ ಹೇಳಿದ್ದಾರೆ. ಬ್ಯಾಕಪ್ ಟೂಲ್ ಕೊಡುವ ಮಾತು ಒಂದೇ: ಇವತ್ತು ಇಟ್ಟದ್ದು ನಾಳೆ ಸಿಗುತ್ತದೆ. ಆ ಮಾತನ್ನು ಮೊದಲು ಕಾಯಿರಿ. ಇಲ್ಲಿಯವರೆಗೆ ಬಂದ ಒಂದೊಂದು ರಿಲೀಸ್ ವರ್ಷನ್ ಅನ್ನೂ ಇನ್‌ಸ್ಟಾಲ್ ಮಾಡಿ, ಅದರಲ್ಲಿ ಒಂದು ಪುಟ್ಟ ಬ್ಯಾಕಪ್ ತೆಗೆಯಿರಿ. ತೆಗೆಯುವ ಫೋಲ್ಡರ್ ಸ್ವಲ್ಪ ತೊಡಕಿನದೇ ಆಗಿರಲಿ. ಖಾಲಿ ಫೈಲ್ ಒಂದು, ಹೆಸರಿನಲ್ಲಿ ಕನ್ನಡ ಅಕ್ಷರ ಇರುವ ಫೈಲ್ ಒಂದು, ಸಿಮ್‌ಲಿಂಕ್ (ಬೇರೆ ಫೈಲ್‌ಗೆ ಬೊಟ್ಟು ಮಾಡುವ ಫೈಲ್) ಒಂದು, ಓದಲು ಮಾತ್ರ ಪರ್ಮಿಶನ್ ಇರುವುದೊಂದು, ನಾಲ್ಕು ಗಿಗಾಬೈಟ್ ದಾಟಿದ ಟೊಳ್ಳು ಫೈಲ್ (ಉದ್ದ ಇದ್ದರೂ ಡಿಸ್ಕ್‌ನಲ್ಲಿ ಜಾಗ ತಿನ್ನದ್ದು) ಒಂದು. ಆ ಬ್ಯಾಕಪ್‌ಗಳನ್ನು ಒಳಗಿನ ಫೈಲ್‌ಗಳ ಚೆಕ್‌ಸಮ್ (ಫೈಲ್ ಬದಲಾಗಿದೆಯೇ ಎಂದು ತೋರಿಸುವ ಸಂಖ್ಯೆ) ಜೊತೆ ರೆಪೊಸಿಟರಿಯಲ್ಲಿ ಇಡಿ, ಮತ್ತೆಂದೂ ಮುಟ್ಟಬೇಡಿ. ಪ್ರತಿ ಪ್ಯಾಚ್ ಬಂದಾಗಲೂ ಹೊಸ ಕೋಡ್ ಇವೆಲ್ಲವನ್ನೂ ರಿಸ್ಟೋರ್ ಮಾಡಿ ಚೆಕ್‌ಸಮ್ ತಾಳೆ ನೋಡಲಿ. ಹೊಸ ರಿಲೀಸ್ ಆದಾಗ ಅದರದ್ದೂ ಒಂದು ಸೇರಲಿ. ಇದಕ್ಕೆ ಒಂದು ವಾರಾಂತ್ಯ ಸಾಕು. ನಿಮ್ಮ ಹಿಂದಿನ ರಿಲೀಸ್‌ನ ಆ ತಪ್ಪು ಇದರಲ್ಲಿ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಆಮೇಲೆ ಬ್ಯಾಕಪ್ ಫೈಲ್ ಓದುವ ಕೋಡ್ ಮೇಲೆ ಫಝಿಂಗ್ ಹಾಕಿ. ಉಳಿದದ್ದು ನಿಧಾನವಾಗಿ ಬರಲಿ. ಬಂದ ಪ್ರತಿ ಬಗ್‌ಗೂ, ರಿಪೇರಿಗೆ ಮುಂಚೆ ಅದನ್ನು ತೋರಿಸುವ ಟೆಸ್ಟ್ ಬರೆಯುವ ರೂಢಿ ಮಾಡಿಕೊಂಡರೆ, ಎಲ್ಲಿ ಪದೇ ಪದೇ ಕೆಡುತ್ತದೋ ಅಲ್ಲೇ ಟೆಸ್ಟ್‌ಗಳು ಕೂಡಿಕೊಳ್ಳುತ್ತವೆ.

ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಟೆಸ್ಟ್‌ಗಳಿದ್ದರೆ ಅವುಗಳನ್ನು ಇವತ್ತೇ ಸರಿಮಾಡಿ, ಇಲ್ಲವೇ ತೆಗೆದುಹಾಕಿ. ಕೆಂಪು ಬಂದರೂ ಇನ್ನೊಮ್ಮೆ ಓಡಿಸಿದರಾಯಿತು ಎಂಬ ಅಭ್ಯಾಸ ಒಮ್ಮೆ ಬಿದ್ದರೆ, ನಿಜವಾದ ಕೆಂಪನ್ನೂ ಯಾರೂ ನೋಡುವುದಿಲ್ಲ.

ಎಷ್ಟೇ ಟೆಸ್ಟ್ ಬರೆದರೂ ಬಳಕೆದಾರರ ಮೆಷಿನ್‌ಗಳಲ್ಲಿ ಇರುವ ವೈವಿಧ್ಯ ನಿಮ್ಮ ಸಿಐನಲ್ಲಿ (ಪ್ರತಿ ಪ್ಯಾಚ್‌ಗೆ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ) ಇರುವುದಿಲ್ಲ. ಅದಕ್ಕೇ ಆರ್‌ಸಿ ಬೇಕು. ಆದರೆ ಆರ್‌ಸಿ ಬಿಟ್ಟರೆ ಜನ ತಾವಾಗಿ ಬಂದು ಟೆಸ್ಟ್ ಮಾಡುತ್ತಾರೆ ಎಂದು ನೆಚ್ಚಿಕೊಳ್ಳಬೇಡಿ. ಸೋರ್ಸ್ ಟಾರ್ ಫೈಲ್ ಒಂದನ್ನು ಇಟ್ಟು ಕೈತೊಳೆದುಕೊಂಡರೆ ಯಾರೂ ಮುಟ್ಟುವುದಿಲ್ಲ. ಮಾಮೂಲಿ ರಿಲೀಸ್ ಎಷ್ಟು ಸುಲಭವಾಗಿ ಇನ್‌ಸ್ಟಾಲ್ ಆಗುತ್ತದೋ ಆರ್‌ಸಿಯೂ ಅಷ್ಟೇ ಸುಲಭವಾಗಿ ಆಗಬೇಕು. ಹಳೆಯದಕ್ಕೆ ವಾಪಸ್ ಹೋಗುವುದೂ ಸುಲಭ ಇರಬೇಕು. ಏನನ್ನು ನೋಡಬೇಕು ಎಂದು ನೇರವಾಗಿ ಕೇಳಿ. ಟೆಸ್ಟ್ ಮಾಡಿ ತಿಳಿಸಿ ಎಂದರೆ ಯಾರೂ ಅಲುಗುವುದಿಲ್ಲ. ನಿಮ್ಮ ಅತಿ ಹಳೆಯ ಬ್ಯಾಕಪ್ ಒಂದನ್ನು ಖಾಲಿ ಫೋಲ್ಡರ್‌ಗೆ ರಿಸ್ಟೋರ್ ಮಾಡಿ, ಹತ್ತು ನಿಮಿಷದ ಕೆಲಸ ಎಂದರೆ ಮಾಡುತ್ತಾರೆ. ಕಳೆದ ಸಲ ದೂರು ಕೊಟ್ಟವರಿಗೆ ಖುದ್ದಾಗಿ ಬರೆಯಿರಿ. ಸಿಟ್ಟು ಬಂದರೂ ಕೂತು ದೂರು ಬರೆದವರು ಅವರು. ಅವರಿಗಿಂತ ಒಳ್ಳೆಯ ಟೆಸ್ಟರ್ ನಿಮಗೆ ಸಿಗುವುದಿಲ್ಲ. ಡಿಸ್ಟ್ರೋಗಳಲ್ಲಿ ನಿಮ್ಮ ಟೂಲ್ ಪ್ಯಾಕೇಜ್ ಮಾಡುವವರಿಗೂ ದಿನ ಮೊದಲೇ ತಿಳಿಸಿ. ಡೆಬಿಯನ್ ಡಿಸ್ಟ್ರೋದಲ್ಲಿ ಪ್ಯಾಕೇಜ್ ಅನ್‌ಸ್ಟೇಬಲ್ ಎಂಬ ಹಂತಕ್ಕೆ ಬಂದ ಮೇಲೆ, ತುರ್ತಿನ ಮಟ್ಟ ನೋಡಿಕೊಂಡು 2, 5 ಅಥವಾ 10 ದಿನ ಅಲ್ಲಿ ನಿಲ್ಲುತ್ತದೆ. ಅಷ್ಟರಲ್ಲಿ ಹೊಸ ಗಂಭೀರ ಬಗ್ ಬಾರದಿದ್ದರೆ ಮಾತ್ರ ಟೆಸ್ಟಿಂಗ್ ಎಂಬ ಮುಂದಿನ ಹಂತಕ್ಕೆ ಹೋಗುತ್ತದೆ. ನಿಮಗೆ ಪುಕ್ಕಟೆ ಸಿಗುವ ಇನ್ನೊಂದು ಜರಡಿ ಅದು.

ಹೆಸರಿಡುವಾಗಲೂ ಜೋಪಾನ. ಲಿನಕ್ಸ್‌ನ ಡೆಸ್ಕ್‌ಟಾಪ್ ಆದ ಕೆಡಿಇ 4.0 ಬಂದದ್ದು 2008ರ ಜನವರಿಯಲ್ಲಿ. ಇದಿನ್ನೂ ಎಲ್ಲರಿಗೂ ಅಲ್ಲ ಎಂದು ಅದನ್ನು ಮಾಡಿದವರು ಹೇಳಿದ್ದರು. ಆದರೆ 4.0 ಎಂಬ ಸಂಖ್ಯೆ ನೋಡಿದವರು ಅದನ್ನು ಪೂರ್ತಿ ಸಿದ್ಧ ಎಂದೇ ತಿಳಿದರು. ಡಿಸ್ಟ್ರೋಗಳೂ ಜನರಿಗೆ ಕೊಟ್ಟವು. ಬಳಸಿದವರಿಗೆ ಬಂದ ಸಿಟ್ಟು ತಣಿಯಲು ಬಹಳ ಕಾಲ ಬೇಕಾಯಿತು. ಆರ್‌ಸಿ ಆಗಿದ್ದರೆ ಆರ್‌ಸಿ ಎಂದೇ ಕರೆಯಿರಿ, ಬೀಟಾ ಆಗಿದ್ದರೆ ಬೀಟಾ. ವಿವರಣೆ ಯಾರೂ ಓದುವುದಿಲ್ಲ, ನಂಬರ್ ಎಲ್ಲರೂ ಓದುತ್ತಾರೆ.

ಪ್ಯಾಚ್ ಕಳಿಸುವವರು ಬಿಟ್ಟು ಹೋಗುತ್ತಾರೆ ಎಂಬ ಭಯದ ಬಗ್ಗೆ ಒಂದೆರಡು ಮಾತು. ಜನ ಮುನಿಸಿಕೊಳ್ಳುವುದು ಈ ಸಲ ಬೇಡ ಎಂದಾಗ ಅಲ್ಲ. ಉತ್ತರವೇ ಇಲ್ಲದೆ ತಿಂಗಳುಗಟ್ಟಲೆ ಪ್ಯಾಚ್ ಕೊಳೆಯುವಾಗ. ಇದು ಚೆನ್ನಾಗಿದೆ, ಇಂತಿಂಥ ಟೆಸ್ಟ್ ಬೇಕು, ಮುಂದಿನ ರಿಲೀಸ್ ಇಂಥ ದಿನ ಇದೆ ಎಂದು ಒಂದು ವಾರದೊಳಗೆ ಬರೆದರೆ ಯಾರೂ ಬಿಟ್ಟು ಹೋಗುವುದಿಲ್ಲ. ನಿಮ್ಮಲ್ಲಿ ನಿಜವಾಗಿ ಕೊರತೆ ಇರುವುದು ರಿವ್ಯೂ ಮಾಡುವ ಸಮಯ. ಅದು ಮೂವರ ಸಂಜೆಗಳಷ್ಟೇ. ಆ ಸಮಯ ತಿನ್ನುವ ಫೀಚರ್ ಬೇಡವಾದರೆ ಬೇಡ ಎನ್ನಿ, ಅದರಲ್ಲಿ ಸಂಕೋಚ ಬೇಡ. ಯಾಕೆಂದರೆ ಸೇರಿಸಿದ ಫೀಚರ್ ಅನ್ನು ಆಮೇಲೆ ತೆಗೆಯುವುದು ಬಹಳ ಕಷ್ಟ. ಜಾವಾ ಪ್ರೋಗ್ರಾಂಗಳ ಲಾಗ್ ಬರೆಯುವ ಲಾಗ್‌ಫೋರ್‌ಜೆ 2 ಲೈಬ್ರರಿಯಲ್ಲಿ, ಹೊರಗಿನ ಸರ್ವರ್‌ನಿಂದ ಮಾಹಿತಿ ತರುವ ಜೆಎನ್‌ಡಿಐ ಲುಕಪ್ ಎಂಬ ಫೀಚರ್ 2013ರಲ್ಲಿ ಬೀಟಾ ಹಂತದಲ್ಲಿ ಸೇರಿತು. ಅದು ಅಲ್ಲಿ ಇರುವುದು ಮೇಂಟೇನರ್‌ಗಳಿಗೇ ಇಷ್ಟ ಇರಲಿಲ್ಲ. ಆದರೆ ಬಳಸುತ್ತಿದ್ದವರಿಗೆ ತೊಂದರೆ ಆಗಬಾರದು ಎಂದು ಉಳಿಸಿಕೊಂಡಿದ್ದರು. 2021ರ ಡಿಸೆಂಬರ್‌ನಲ್ಲಿ ಅದೇ ದಾರಿಯಿಂದ ಹೊರಗಿನವರು ಸರ್ವರ್‌ಗಳ ಒಳಗೆ ತಮ್ಮ ಕೋಡ್ ಓಡಿಸಬಹುದು ಎಂದು ಗೊತ್ತಾಯಿತು. ಜಗತ್ತಿನ ತುಂಬ ಜನ ನಿದ್ದೆಗೆಟ್ಟು ಅಪ್‌ಡೇಟ್ ಮಾಡಿದರು, ಒಂದೇ ತಿಂಗಳಲ್ಲಿ ಒಂದರ ಮೇಲೊಂದು ರಿಪೇರಿ ರಿಲೀಸ್ ಬಿಡಬೇಕಾಯಿತು.

ನಿಮ್ಮ ಲೆಕ್ಕಕ್ಕೆ ಬರೋಣ. ಹತ್ತು ವಾರದ ಸುತ್ತು ಇಟ್ಟುಕೊಳ್ಳಿ. ಏಳು ವಾರ ಮೇನ್‌ಗೆ ಹೊಸದು ಬರಲಿ. ಏಳನೇ ವಾರದ ಕೊನೆಗೆ ರಿಲೀಸ್ ಬ್ರಾಂಚ್ ತೆಗೆದು ಆರ್‌ಸಿ1 ಬಿಡಿ. ಎರಡು ವಾರ ರಿಪೇರಿ, ಆಮೇಲೆ ಆರ್‌ಸಿ2. ಅದಾಗಿ ಒಂದು ವಾರ ಮುಖ್ಯವಾದದ್ದೇನೂ ಬದಲಾಗದೆ ಕಳೆದರೆ ಅದನ್ನೇ ರಿಲೀಸ್ ಎಂದು ಕರೆಯಿರಿ. ಬದಲಾದರೆ ಇನ್ನೊಂದು ಆರ್‌ಸಿ, ಇನ್ನೊಂದು ವಾರ. ಮುಂದಿನ ಎರಡು ರಿಲೀಸ್‌ಗಳ ದಿನಗಳನ್ನು ರೀಡ್‌ಮಿಯಲ್ಲೇ ಬರೆದು ಹಾಕಿ. ಅನುವಾದ ಮಾಡುವವರಿದ್ದರೆ ಬ್ರಾಂಚ್ ತೆಗೆದ ದಿನದಿಂದ ತೆರೆಯ ಮೇಲಿನ ಮಾತುಗಳನ್ನೂ ಬದಲಾಯಿಸಬೇಡಿ. ಗ್ನೋಮ್ ಎಂಬ ಡೆಸ್ಕ್‌ಟಾಪ್ ಪ್ರಾಜೆಕ್ಟ್‌ನಲ್ಲಿ ಇದಕ್ಕೆ ಸ್ಟ್ರಿಂಗ್ ಫ್ರೀಜ್ ಎನ್ನುತ್ತಾರೆ. ಮೊದಲ ಸುತ್ತಿನಲ್ಲಿ ಹಳೆಯ ಬ್ಯಾಕಪ್‌ಗಳ ಆ ಟೆಸ್ಟ್ ಬಂದಿರಲೇಬೇಕು. ಅದು ಬರುವವರೆಗೆ ಫೈಲ್ ಫಾರ್ಮ್ಯಾಟ್ ಮುಟ್ಟುವ ಯಾವ ಪ್ಯಾಚೂ ಬೇಡ. ಉಳಿದ ಫೀಚರ್‌ಗಳು ಎಂದಿನಂತೆ ಬರಲಿ. ನಿಮ್ಮ ಇಬ್ಬರು ಗೆಳೆಯರೂ ಇಷ್ಟಕ್ಕೆ ಒಪ್ಪಬಹುದು ಎಂದುಕೊಂಡಿದ್ದೇನೆ.

ಎನ್‌ಕ್ರಿಪ್ಶನ್ ಫೀಚರ್ ಅನ್ನು ಈ ಸಲ ಸೇರಿಸಬೇಡಿ. ಅದು ಫಾರ್ಮ್ಯಾಟ್ ಬದಲಾಯಿಸುತ್ತದೆ. ಅದರಲ್ಲಿ ತಪ್ಪಿದ್ದರೆ ಜನರ ಡೇಟಾ ಶಾಶ್ವತವಾಗಿ ಬೀಗದೊಳಗೆ ಉಳಿಯುತ್ತದೆ. ನೀವು ಮೂವರಲ್ಲದೆ, ಕ್ರಿಪ್ಟೋಗ್ರಫಿ ಬಲ್ಲ ಹೊರಗಿನವರೊಬ್ಬರು ಅದನ್ನು ಓದಲೇಬೇಕು. ಆದರೆ ಅದರ ಒಂದು ಸಣ್ಣ ತುಂಡನ್ನು ಈ ಸಲವೇ ಕಳಿಸಿ: ಎನ್‌ಕ್ರಿಪ್ಟ್ ಆದ ಬ್ಯಾಕಪ್‌ನ ಹೆಡರ್ (ಫೈಲ್‌ನ ಮೊದಲ ಭಾಗ) ಗುರುತು ಹಿಡಿದು, ಇದನ್ನು ತೆರೆಯಲು ಹೊಸ ವರ್ಷನ್ ಬೇಕು ಎಂದು ಹೇಳಿ ಏನನ್ನೂ ಮುಟ್ಟದೆ ನಿಲ್ಲುವ ಕೋಡ್. ಮುಂದಿನ ರಿಲೀಸ್‌ನಲ್ಲಿ ಫೀಚರ್ ಸ್ವಿಚ್ ಆಫ್ ಆಗಿ, ಪ್ರಯೋಗ ಎಂಬ ಹೆಸರಿನಲ್ಲಿ ಬರಲಿ. ಆಗ ಯಾರೋ ಹೊಸ ಮೆಷಿನ್‌ನಲ್ಲಿ ಎನ್‌ಕ್ರಿಪ್ಟ್ ಮಾಡಿದ ಬ್ಯಾಕಪ್ ಅನ್ನು ಹಿಂದಿನ ವರ್ಷನ್ ಇರುವ ಮೆಷಿನ್‌ನಲ್ಲಿ ತೆರೆಯಲು ಹೋದರೆ, ಅದು ಫೈಲ್ ಹಾಳಾಗಿದೆ ಎಂದುಕೊಂಡು ರಿಪೇರಿಗೆ ಕೈ ಹಾಕುವುದಿಲ್ಲ.